ಕಾಚು ಹೆಚ್ಚಾದ ವೀಳ್ಯ

ಲಾಯಂಗ್ ಯಾರನ್ನೂ ನಂಬುತ್ತಿರಲಿಲ್ಲ. ಅದು ಹುಟ್ಟುಗುಣವಲ್ಲ, ಕಸುಬಿನಿಂದ ಬಂದದ್ದು. ಮೂಸಿ ನದಿಯ ದಡದಲ್ಲಿ ದಾತುವಿನ ಮನೆತನದ ಬಟ್ಟೆ ಒಗೆಯುವ ಹೆಂಗಸರಲ್ಲಿ ಅವಳೂ ಒಬ್ಬಳು. ದಾತು ಎಂದರೆ ನಮ್ಮ ಒಡೆಯ, ಶ್ರೀವಿಜಯವೆಂಬ ನಮ್ಮ ದ್ವೀಪರಾಜ್ಯದ ಹೊಳೆಹೊಳೆಗೂ ಅಪ್ಪಣೆ ಕೊಡುವವನು. ಮನುಷ್ಯ ಬಾಯಲ್ಲಿ ಏನು ಬೇಕಾದರೂ ಹೇಳಲಿ, ಅವನ ಬಟ್ಟೆ ಬೇರೆಯದೇ ಹೇಳುತ್ತದೆ ಎಂಬುದನ್ನು ಅವಳು ಒಗೆಯುವ ಕಲ್ಲಿನ ಮೇಲೆ ಕಲಿತಿದ್ದಳು. ಉಪವಾಸ ಹಿಡಿದಿದ್ದೇನೆ ಎಂದವನ ಮೇಲುಹೊದಿಕೆಯಲ್ಲಿ ಮೀನುಸಾರಿನ ಕಲೆ ಇರುತ್ತಿತ್ತು. ಮನೆ ಬಿಟ್ಟು ಅಲ್ಲಾಡಲಿಲ್ಲ ಎಂದವನ ಪಂಚೆಯ ಅಂಚಿನಲ್ಲಿ ಬೇರೆ ದಡದ ಕೆಂಪುಮಣ್ಣು ಒಣಗಿ ಕೂತಿರುತ್ತಿತ್ತು. ಎಲ್ಲವನ್ನೂ ನೋಡುತ್ತಿದ್ದಳು, ಅಂಟುವಾಳದ ನೊರೆಯಲ್ಲಿ ಉಜ್ಜಿ ತೆಗೆಯುತ್ತಿದ್ದಳು, ಬಾಯಿ ಮುಚ್ಚಿಕೊಂಡಿರುತ್ತಿದ್ದಳು.

ಗಾಳಿ ತಿರುಗುವವರೆಗೆ ಪರದೇಶದ ಹಡಗುಗಳೆಲ್ಲ ನಮ್ಮ ಹೊಳೆಯಲ್ಲೇ ಬಿದ್ದಿರುತ್ತಿದ್ದವು. ದಾತುವಿನ ಅತಿಥಿಗಳ ಬಟ್ಟೆಯೂ ಒಗೆಯುವ ಹೆಂಗಸರ ತಲೆಗೇ. ಬುದ್ಧನ ನಾಡಿಗೆ ಹೋಗುವ ಮೊದಲು ಇಲ್ಲಿ ಕೂತು ಸಂಸ್ಕೃತ ಬಾಯಿಪಾಠ ಮಾಡುವ ಚೀನದ ಸನ್ಯಾಸಿಗಳ ಕಾವಿ, ಪಾರಸಿಕ ವರ್ತಕರ ಮೈ ಚುಚ್ಚುವ ಉಣ್ಣೆ, ಕಳಿಂಗದವರ ಹತ್ತಿ ಎಲ್ಲವೂ ಅವಳ ಬುಟ್ಟಿಗೆ ಬಂದು ಬೀಳುತ್ತಿದ್ದವು. ಅವರವರ ರಾಜನೇ ಭೂಮಿಗೆ ದೊಡ್ಡವನು ಎಂದು ಅವರೆಲ್ಲ ಹೇಳಿಕೊಳ್ಳುತ್ತಿದ್ದರಂತೆ. ಎಲ್ಲರ ಕಂಕುಳ ಬೆವರಿಗೂ ಒಂದೇ ನಾತ ಎಂಬುದಷ್ಟೇ ಲಾಯಂಗ್‌ಗೆ ಗೊತ್ತಿದ್ದ ಪ್ರಪಂಚ.

ಅವಳ ಗಂಡ ಮುರಾಯ್. ನದೀಮುಖದಲ್ಲಿ ಮರಳದಿಬ್ಬಗಳು ದಿನಕ್ಕೊಂದು ಕಡೆ ಹೊರಳುತ್ತವೆ. ಹಡಗಿನ ಮುಂದೆ ಸಣ್ಣ ದೋಣಿಯಲ್ಲಿ ಹೋಗಿ, ಗಳ ಊರಿ ಆಳ ನೋಡಿ, ದಾರಿ ತೋರಿಸುವುದು ಅವನ ಕೆಲಸ. ಹುಟ್ಟಿದ್ದು ಮೇಲ್ಹೊಳೆಯ ಕಾಡಿನಲ್ಲಿ. ಮಾತು ಕಡಿಮೆ, ನಗು ಹೆಚ್ಚು. ಅವನ ತಂಗಿ ರಿಂಬಾ ಆಮೇಲೆ ಬಂದು ಸೇರಿಕೊಂಡವಳು, ಮದುವೆಯಿಲ್ಲ. ನಾಲಿಗೆ ಮಾತ್ರ ಮೆಣಸು. ಮೂವರೂ ನದಿಯ ಮೇಲೆ ತೇಲುವ ಒಂದು ತೆಪ್ಪದ ಮನೆಯಲ್ಲಿದ್ದರು.

ನಾದಿನಿಯ ಮೇಲೆ ಲಾಯಂಗ್‌ಗೆ ಮೊದಲಿಂದಲೂ ಅನುಮಾನ. ಅಣ್ಣತಂಗಿ ಮೂಲೆಯಲ್ಲಿ ಕೂತು ತಮ್ಮ ಕಾಡಿನ ಮಾತಿನಲ್ಲಿ ಪಿಸುಗುಡುವರು, ಇವಳು ಒಳಗೆ ಕಾಲಿಟ್ಟರೆ ಮೀನಿನ ವಿಷಯಕ್ಕೆ ಹೊರಳುವರು. ಮೀನಿನ ಬಗ್ಗೆ ಯಾರಾದರೂ ಅಷ್ಟು ಹೊತ್ತು ಮಾತಾಡುತ್ತಾರೆಯೇ? ಲಾಯಂಗ್ ಕೇಳಲಿಲ್ಲ. ಕೇಳಿದರೆ ಸುಳ್ಳು ಬರುತ್ತದೆ, ಸುಳ್ಳನ್ನು ಮತ್ತೆ ಒಗೆಯಬೇಕಾಗುತ್ತದೆ ಎಂದು ಸುಮ್ಮನಿದ್ದಳು.

ಅವರ ತೆಪ್ಪಕ್ಕೆ ಅಂಟಿಕೊಂಡೇ ಇನ್ನೊಂದು ತೆಪ್ಪ. ಅದರಲ್ಲಿ ಡೋಲು ಮಾಡುವ ದಮಾರ್, ಅವನ ಹೆಂಡತಿ ಕೆನಂಗಾ, ಅವರ ಮಕ್ಕಳು. ಎರಡು ತೆಪ್ಪವನ್ನೂ ಒಂದೇ ಬೆತ್ತದ ಹಗ್ಗದಿಂದ ಒಂದೇ ಕಂಬಕ್ಕೆ ಬಿಗಿದಿದ್ದರಿಂದ ಆ ಮನೆಯವರು ಹೆಜ್ಜೆಯಿಟ್ಟರೆ ಈ ಮನೆಯ ಮಡಕೆ ಕುಲುಕುತ್ತಿತ್ತು. ತೆಪ್ಪದ ಮೇಲೆ ಬಾಳುವವರಿಗೆ ಕಾಲೇ ಕಿವಿ. ನೆರೆಯವರು ಎದ್ದದ್ದು, ಕೂತದ್ದು, ಗಂಡಹೆಂಡಿರು ಮುನಿಸಿಕೊಂಡು ಬೇರೆ ಬೇರೆ ಮೂಲೆಗೆ ಹೋದದ್ದು ಎಲ್ಲವೂ ಅಂಗಾಲಿಗೆ ತಿಳಿಯುತ್ತದೆ. ಕೆನಂಗಾ ಒಳ್ಳೆಯವಳೇ. ಆದರೆ ಒಳ್ಳೆಯವರೆಂದರೆ ಲಾಯಂಗ್ ಇನ್ನೊಂದು ಸಲ ತಿರುಗಿ ನೋಡುತ್ತಿದ್ದಳು.

ಆ ವರ್ಷ ಮೇಲ್ಹೊಳೆಯ ನಾಯಕನೊಬ್ಬ ದಾತುವಿಗೆ ತಿರುಗಿಬಿದ್ದ. ಕಾಡಿನಿಂದ ಇಳಿದು ಬರುತ್ತಿದ್ದ ಕರ್ಪೂರ ನಿಂತಿತು, ಧೂಪ ನಿಂತಿತು, ವೀಳ್ಯಕ್ಕೆ ಬೇಕಾದ ಕಾಚು ಕೂಡ ನಿಂತಿತು. ಮೇಲ್ಹೊಳೆಗೆ ಹೋದವನು ದ್ರೋಹಿ ಎಂದು ಡಂಗುರ ಸಾರಿದರು. ಅದಾದ ಕೆಲವೇ ದಿನಕ್ಕೆ ಲಾಯಂಗ್ ಗಂಡನ ಪಂಚೆಯನ್ನು ನೀರಿಗೆ ಅದ್ದುವ ಮೊದಲು ಅಭ್ಯಾಸಬಲದಿಂದ ಮೂಸಿ ನೋಡಿದಳು. ಕರ್ಪೂರ. ಇನ್ನೊಂದು ಸಲ ಮೂಸಿದಳು. ಸಂಶಯವೇ ಇಲ್ಲ, ಕರ್ಪೂರ.

ಸಂಜೆ ಊಟಕ್ಕೆ ಕೂತಾಗ ಏನೂ ಅರಿಯದವಳ ಹಾಗೆ ಕೇಳಿದಳು. ಬಾರುಸ್ ಬಂದರಿನಿಂದ ಬಂದ ಹಡಗಿನಲ್ಲಿ ಕರ್ಪೂರದ ಪೆಟ್ಟಿಗೆ ಎತ್ತಿಳಿಸಿದೆ ಎಂದ. ರಿಂಬಾ ತಲೆಯೆತ್ತದೆ ಸಾಗೂ ಗಂಜಿ ಸುರಿದುಕೊಂಡಳು. ಬಾರುಸಿನ ಹಡಗು ಆ ಗಾಳಿಕಾಲದಲ್ಲಿ ಬಂದೇ ಇರಲಿಲ್ಲ. ಹಡಗಿನವರ ಬಟ್ಟೆ ಒಗೆಯುವವಳಿಗೆ ಯಾವ ಹಡಗು ಬಂತು, ಯಾವುದು ಬರಲಿಲ್ಲ ಎಂದು ಬೇರೆಯವರು ಹೇಳಬೇಕೇ? ಅವಳು ಗಂಜಿ ನುಂಗಿದಳು, ಸುಳ್ಳನ್ನೂ ನುಂಗಿದಳು. ಎದೆಯಲ್ಲಿ ಮಾತ್ರ ಅದು ಇಳಿಯದೆ ನಿಂತಿತು.

ಅಷ್ಟರಲ್ಲಿ ಶಪಥದ ನೀರಿಗೆ ಕರೆ ಬಂತು.

ಯುದ್ಧಕ್ಕೆ ದೋಣಿ ಹೊರಡಿಸುವ ಮೊದಲು ದಾತು ತನ್ನವರಿಗೆಲ್ಲ ನೀರು ಕುಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಏಳು ಹೆಡೆಯ ಹಾವನ್ನು ಕೆತ್ತಿದ ಕಲ್ಲು, ಅದರ ಎದೆಯ ತುಂಬ ಅಕ್ಷರ, ಕೆಳಗೆ ನೀರು ಸುರಿಯುವ ತೂಬು. ಮೇಲಿಂದ ಹೊಯ್ದ ನೀರು ಅಕ್ಷರಗಳ ಮೇಲೆ ಹರಿದು ಶಾಪವನ್ನೆಲ್ಲ ತೊಳೆದುಕೊಂಡು ಕೆಳಗಿಳಿಯುತ್ತದೆ. ಅದನ್ನು ಬೊಗಸೆಯಲ್ಲಿ ಹಿಡಿದು ಕುಡಿಯಬೇಕು. ನಿಷ್ಠೆಯಿಂದಿದ್ದವನನ್ನು ಆ ನೀರು ಹೊಟ್ಟೆಯೊಳಗೇ ಕೂತು ಕಾಯುತ್ತದೆ, ದ್ರೋಹ ಬಗೆದವನನ್ನು ಅಲ್ಲಿಂದಲೇ ಕೊಲ್ಲುತ್ತದೆ. ದ್ರೋಹಿಯ ಹೆಂಡತಿ, ಮಕ್ಕಳು, ಮನೆಯವರೆಲ್ಲ ದಾತುವಿನ ಗುಲಾಮರಾಗಿ ದೋಣಿ ಹತ್ತುತ್ತಾರೆ. ಕುಡಿದ ಮೇಲೆ ಚಂದ್ರ ತುಂಬುವವರೆಗೆ ಯಾರೂ ಮದ್ದು ಮುಟ್ಟುವಂತಿಲ್ಲ. ಮುಟ್ಟಿದರೆ ಶಪಥವನ್ನು ಹೊಟ್ಟೆಯಿಂದ ತೊಳೆದುಹಾಕಲು ಹೊರಟ ಎಂದೇ ಅರ್ಥ. ಅಪ್ಪಟ ಮನುಷ್ಯನಿಗೆ ಮದ್ದೇಕೆ ಬೇಕು?

ಓದುವವನು ಕೂಗಿ ಕೂಗಿ ಓದಿದ. ನೀವು ಎಷ್ಟೇ ಜನ ಇರಲಿ, ನಾಯಕರೇ, ಹಡಗಿನ ಒಡೆಯರೇ, ವರ್ತಕರೇ, ಕಮ್ಮಾರರೇ, ಬರೆಯುವವರೇ, ಬಟ್ಟೆ ಒಗೆಯುವವರೇ ಎಂದಾಗ ಲಾಯಂಗ್ ಥಟ್ಟನೆ ತಲೆಯೆತ್ತಿದಳು. ಇಷ್ಟು ವರ್ಷ ಅಂಟುವಾಳದಲ್ಲಿ, ಬೂದಿಯಲ್ಲಿ ಬೆರಳು ಸವೆಸಿದರೂ ತನ್ನ ಕಸುಬನ್ನು ಯಾರೂ ಗಟ್ಟಿಯಾಗಿ ಹೇಳಿದ್ದಿಲ್ಲ. ಹೇಳಿದ್ದು ಈಗ, ಅದೂ ಶಾಪ ಹಾಕಲು. ಮುಂದಿನ ಮಾತು ಇನ್ನೂ ಕೆಟ್ಟದ್ದು. ದ್ರೋಹಿಯನ್ನು ಬಲ್ಲವನು, ಗೊತ್ತಿದ್ದೂ ಬಾಯಿ ಬಿಡದವನು, ಅವನನ್ನೂ ಈ ನೀರು ಕೊಲ್ಲಲಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು, ಯಾರಾದರೂ ನೋಡಿದರೇನೋ ಎಂದು ಕೂಡಲೇ ಕೆಳಗಿಳಿಯಿತು.

ಅವಳ ಸಾಲಿಗಿಂತ ಬಹಳ ಮುಂದೆ ಮುರಾಯ್ ನಿಂತಿದ್ದ. ನೀರು ಕುಡಿಯುವಾಗ ಅವನ ಕೈ ನಡುಗಿತೇ, ಇಲ್ಲವೇ? ಅವಳು ಕತ್ತು ಚಾಚಿ ನೋಡಿದಳು. ನಡುಗಲಿಲ್ಲ. ನಡುಗಲಿಲ್ಲವಲ್ಲ, ಹಾಗಾದರೆ ಎಷ್ಟು ಗಟ್ಟಿ ಎದೆ ಇರಬೇಕು ಎಂದು ಅದಕ್ಕೂ ಅನುಮಾನ. ದಮಾರ್ ಮಾತ್ರ ಕಣ್ಣು ಮುಚ್ಚಿ, ದೇವರ ಪ್ರಸಾದ ಸಿಕ್ಕವನ ಹಾಗೆ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡ. ಆಮೇಲೆ ಅನ್ನ, ಹುಳಿ ಹಿಡಿಸಿದ ಮೀನು, ಬಿಸಿಲಲ್ಲಿ ಬುಟ್ಟಿಗಟ್ಟಲೆ ಬಿದ್ದಿದ್ದ ಹೊಳೆಯ ಚಿಪ್ಪುಮೀನಿನ ಸಾರು. ಗಂಡಸರು ಹೊಟ್ಟೆ ಬಿರಿಯ ತಿಂದರು. ಒಗೆಯುವ ಹೆಂಗಸರ ಪಾಲಿಗೆ ಬರುವಷ್ಟರಲ್ಲಿ ಚಿಪ್ಪಿನ ಸಾರು ತಳ ಕಂಡಿತ್ತು. ಅನ್ನಕ್ಕೆ ಉಪ್ಪು ಹಚ್ಚಿ ತಿಂದು ಬೈದುಕೊಂಡು ಬಂದರು.

ಸೂರ್ಯ ಮುಳುಗುವ ಹೊತ್ತಿಗೆ ಮುರಾಯ್ ತೆಪ್ಪದ ಅಂಚಿಗೆ ಓಡಿದ. ಬಂದು ಕೂತ, ಮತ್ತೆ ಓಡಿದ. ವಾಂತಿಯೂ ಆಯಿತು, ಭೇದಿಯೂ ಆಯಿತು. ಹೊಟ್ಟೆಯನ್ನು ಒಳಗಿನಿಂದ ಯಾರೋ ಹಿಂಡುತ್ತಿದ್ದಾರೆ ಎಂದ. ಯಾರೋ ಏನು, ನೀರು ಎಂದು ಲಾಯಂಗ್ ಮನಸ್ಸು ಹೇಳಿತು. ರಿಂಬಾ ಅಣ್ಣನ ಬೆನ್ನು ಸವರುತ್ತ ಕೂತಳು, ಅತ್ತಿಗೆಯ ಮುಖ ನೋಡಲಿಲ್ಲ.

ಬೆಳಗಾಗುವಷ್ಟರಲ್ಲಿ ಅವನ ಕಣ್ಣು ಗುಳಿಬಿದ್ದಿದ್ದವು. ಲಾಯಂಗ್ ಹತ್ತಿರ ಕೂತು, ಕಾಚು ಕುದಿಸಿ ಕಷಾಯ ಮಾಡಲಾ ಎಂದು ಕೇಳಿದಳು. ಹೊಟ್ಟೆ ಕಟ್ಟಲು ನಮ್ಮಲ್ಲಿ ಅದಕ್ಕಿಂತ ಒಳ್ಳೆಯ ಮದ್ದಿಲ್ಲ.

"ಕುದಿಸ್ಬೇಡ. ವಾಸನೆ ಆಚೆ ತೆಪ್ಪಕ್ಕೆ ಹೋಗುತ್ತೆ. ಮದ್ದು ಕುಡಿದ್ರೆ ನಾನೇ ಕಳ್ಳ ಅಂತ ಒಪ್ಕೊಂಡ ಹಾಗೆ" ಎಂದ. ಅವಳ ಮುಖ ನೋಡಿ, "ನಿಂಗೂ ನನ್ ಮೇಲೆ ಅನುಮಾನ ಇದೆ ಅಲ್ವಾ?" ಎಂದ.

"ಆವತ್ತು ಎಲ್ಲಿಗೆ ಹೋಗಿದ್ದೆ?"

"ಹೇಳಿದ್ನಲ್ಲ, ಹಡಗಿಗೆ."

"ಯಾವ ಹಡಗಿಗೆ?"

ಅವನು ಗೋಡೆಯ ಕಡೆ ಮಗ್ಗುಲಾದ.

ಅವಳು ಕೂತಲ್ಲೇ ತೂಗಿ ನೋಡಿದಳು. ಇವನು ದ್ರೋಹಿಯಾಗಿದ್ದರೆ ನೀರು ಕೊಂದೇ ಕೊಲ್ಲುತ್ತದೆ, ಮದ್ದು ಕೊಟ್ಟು ದ್ರೋಹಿಯನ್ನು ಉಳಿಸಿದ ತಪ್ಪಿಗೆ ತನ್ನ ಹೊಟ್ಟೆಯಲ್ಲಿರುವ ನೀರು ತನ್ನನ್ನು ಹಿಡಿಯುತ್ತದೆ. ದ್ರೋಹಿಯಲ್ಲದಿದ್ದರೆ ನೀರೇ ಕಾಯುತ್ತದೆ, ಮದ್ದೇ ಬೇಡ. ಯಾವ ಕಡೆಯಿಂದ ನೋಡಿದರೂ ಕೊಡಬೇಡ ಎಂದೇ ಬರುತ್ತಿತ್ತು. ಆದರೂ ಕಣ್ಣು ಮಾತ್ರ ವೀಳ್ಯದ ತಟ್ಟೆಯಲ್ಲಿದ್ದ ಕಾಚಿನ ಉಂಡೆಯ ಮೇಲೇ ಹೋಗಿ ನಿಲ್ಲುತ್ತಿತ್ತು. ಮೇಲ್ಹೊಳೆಯ ದಾರಿ ಮುಚ್ಚಿದ ಮೇಲೆ ಆ ಸಾಲಿನ ತೆಪ್ಪಗಳಲ್ಲೆಲ್ಲ ಉಳಿದಿದ್ದ ಕಾಚು ಅದೊಂದೇ ಇರಬೇಕು.

ಇದರ ನಡುವೆ ಇನ್ನೊಂದು ಪೀಡೆ. ಹಿಂದಿನ ಸಂಜೆಯಿಂದಲೂ ತೆಪ್ಪ ಕುಲುಕುತ್ತಲೇ ಇತ್ತು. ಪಕ್ಕದ ಮನೆಯಲ್ಲಿ ಯಾರೋ ಎದ್ದು ಅಂಚಿಗೆ ಬರುತ್ತಾರೆ, ನಿಲ್ಲುತ್ತಾರೆ, ಹೋಗುತ್ತಾರೆ, ಮತ್ತೆ ಬರುತ್ತಾರೆ. ಮುರಾಯ್ ಹೊರಗೆ ಓಡಿದಾಗಲೆಲ್ಲ ಆ ಕಡೆಯೂ ಹೆಜ್ಜೆ ಸದ್ದು. ಲಾಯಂಗ್‌ಗೆ ಖಾತ್ರಿಯಾಯಿತು. ಕೆನಂಗಾ ಅಂಚಿನಲ್ಲಿ ನಿಂತು ಇವನು ಎಷ್ಟು ಸಲ ಹೋದ ಎಂದು ಗಮನಿಸುತ್ತಿದ್ದಾಳೆ. ಬೆಂತಾರ್ ಬಂದಾಗ ವರದಿ ಒಪ್ಪಿಸಲು.

ಬೆಂತಾರ್ ಎಂದರೆ ನೀರಿನ ಕಾವಲಿನವನು. ಶಪಥವಾದ ಮೇಲೆ ತೆಪ್ಪದಿಂದ ತೆಪ್ಪಕ್ಕೆ ಹೋಗಿ, ವೀಳ್ಯ ಹಾಕಿಕೊಳ್ಳುವ ನೆವದಲ್ಲಿ ಕೂತು, ಯಾರ ಮುಖ ಬಾಡಿದೆ, ಯಾರ ಹೊಟ್ಟೆ ಕೆಟ್ಟಿದೆ ಎಂದು ನೋಡಿಕೊಂಡು ಹೋಗುವುದು ಅವನ ಕೆಲಸ. ಅವನಿಗೆ ಊರೆಲ್ಲ ನಗುತ್ತ ಬಾ ಎನ್ನುತ್ತಿತ್ತು. ಬೆನ್ನು ತಿರುಗಿಸಿದರೆ ಉಗಿಯುತ್ತಿತ್ತು.

ಬಿಸಿಲೇರುವ ಹೊತ್ತಿಗೆ ಕೆನಂಗಾ ಬಂದಳು. ಬಾಗಿಲಲ್ಲೇ ನಿಂತಳು. ತಲೆ ಕೆದರಿತ್ತು, ಕಣ್ಣು ಕೆಂಪಗಿದ್ದವು, ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ಅಕ್ಕ, ಒಂದ್ ಚೂರು ಕಾಚು ಇದ್ರೆ ಕೊಡ್ತೀಯಾ? ವೀಳ್ಯಕ್ಕೆ."

ಹೀಗೆ ಕೇಳುತ್ತ ಅವಳ ನೋಟ ಲಾಯಂಗ್‌ನ ಭುಜದ ಮೇಲಿಂದ ಒಳಗೆ, ಚಾಪೆಯ ಮೇಲೆ ಮುದುರಿಕೊಂಡಿದ್ದ ಮುರಾಯ್ ಕಡೆ ಹೋಯಿತು. ಲಾಯಂಗ್‌ಗೆ ಮೈಯೆಲ್ಲ ಉರಿಯಿತು. ಊರಿಗೆ ಊರೇ ಶಪಥದ ಭಯದಲ್ಲಿ ಕೂತಿರುವಾಗ ಇವಳಿಗೆ ಬೆಳಗ್ಗೆ ಬೆಳಗ್ಗೆ ವೀಳ್ಯದ ಚಪಲವೇ? ಇದು ಬೆಂತಾರ್ ಹೇಳಿಕೊಟ್ಟು ಕಳಿಸಿದ ಮಾತು. ಕೊಟ್ಟರೆ, ಒಗೆಯುವವಳ ಮನೆಯಲ್ಲಿ ಕಾಚು ಇದೆ, ಗಂಡನಿಗೆ ಕುಡಿಸುತ್ತಿದ್ದಾಳೆ ಎಂದಾಗುತ್ತದೆ. ತಟ್ಟೆ ಇಬ್ಬರ ನಡುವೆಯೇ ಇತ್ತು, ಕಾಚಿನ ಉಂಡೆ ಎದ್ದು ಕಾಣುತ್ತಿತ್ತು. ಲಾಯಂಗ್ ಒಂದು ಎಲೆ ತೆಗೆದು ಅದರ ಮೇಲೆ ಮುಚ್ಚಿದಳು.

"ನಮ್ಮಲ್ಲೂ ಮುಗಿದಿದೆ ಕಣೆ."

ಕೆನಂಗಾ ಆ ಎಲೆಯನ್ನು ನೋಡಿದಳು. ಆಮೇಲೆ ಲಾಯಂಗ್ ಮುಖ ನೋಡಿದಳು. ಹೌದಾ ಅಕ್ಕ ಎಂದಷ್ಟೇ ಹೇಳಿ ಹೋದಳು. ಅವಳು ಹೋದ ಮೇಲೆ ರಿಂಬಾ ಏನೋ ಹೇಳಲು ಬಾಯಿ ತೆರೆದಳು. ಅತ್ತಿಗೆಯ ಕಣ್ಣು ನೋಡಿ ಮುಚ್ಚಿದಳು.

ಹೊತ್ತು ಇಳಿಯುವಾಗ ಬೆಂತಾರ್ ಬಂದ. ಅವನ ದೋಣಿ ತೆಪ್ಪಕ್ಕೆ ತಾಗಿದ್ದು ಕಾಲಿಗೆ ತಿಳಿದದ್ದೇ ಲಾಯಂಗ್ ಗಂಡನನ್ನು ಎಬ್ಬಿಸಿ, ಕಂಬಕ್ಕೆ ಒರಗಿಸಿ, ಮುಖ ಒರೆಸಿ, ಒಗೆದ ಹೊದಿಕೆ ಹೊದಿಸಿದಳು. ಅವನು ಹೇಗೋ ನಕ್ಕ. ಆ ನಗು ನೋಡಿ ಅವಳಿಗೆ ಅಳು ಬಂತು, ಬರಗೊಡಲಿಲ್ಲ.

ಬೆಂತಾರ್ ಕೂತ. ಕಾಲು ಮಡಚಿ ಹಾಯಾಗಿ ಕೂರುವ ಮನುಷ್ಯ ಈ ಸಲ ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಕೂತ. ಹೇಗಿದ್ದೀಯಪ್ಪ ಎಂದ. ಚೆನ್ನಾಗಿದ್ದೀನಿ ಒಡೆಯ ಎಂದ ಮುರಾಯ್. ಮುಖ ಬಾಡಿದೆಯಲ್ಲ ಎಂದ. ಬಿಸಿಲಲ್ಲಿ ದಿಬ್ಬ ನೋಡಲು ಹೋಗಿದ್ದೆ ಎಂದ ಮುರಾಯ್. ಹೂಂ ಎಂದು ಬೆಂತಾರ್ ಅವನನ್ನು ಮೇಲಿಂದ ಕೆಳಗೆ ನೋಡಿದ. ಆ ಹೂಂ ಎಂಬುದರಲ್ಲಿ ಗುಲಾಮರ ದೋಣಿಯೇ ಬಂದು ನಿಂತ ಹಾಗಾಯಿತು ಲಾಯಂಗ್‌ಗೆ. ಗಂಡ ಸಾಯುತ್ತಾನೆ, ತಾನೂ ನಾದಿನಿಯೂ ಕಂಡರಿಯದ ಯಾವುದೋ ಹೊಳೆಯಲ್ಲಿ ಯಾರದೋ ಗದ್ದೆಯ ಕೆಸರಲ್ಲಿ ಕೊಳೆಯುತ್ತೇವೆ.

ಅವಳು ವೀಳ್ಯದ ತಟ್ಟೆ ಎಳೆದುಕೊಂಡಳು. ಎಲೆಯ ಮೇಲೆ ಸುಣ್ಣ ಸವರಿದಳು, ಅಡಿಕೆ ಇಟ್ಟಳು, ಕಾಚಿನ ಉಂಡೆಯನ್ನು ಚೂರಿಯಿಂದ ಕೆರೆದಳು. ಒಂದು ಚಿಟಿಕೆ ಸಾಕು, ಅವಳು ನಿಲ್ಲಿಸಲಿಲ್ಲ. ಕೆರೆಯುತ್ತಲೇ ಹೋದಳು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಮಡಕೆಯಲ್ಲಿ ಕುದಿಸಿದರೆ ಮದ್ದಾಗುವ ಕಾಚು ವೀಳ್ಯದೊಳಗೆ ಕೂತರೆ ಬರಿಯ ಕಾಚು. ಇವನು ದ್ರೋಹಿಯೋ ಅಲ್ಲವೋ ಅವಳಿಗೆ ಆಗಲೂ ಗೊತ್ತಿರಲಿಲ್ಲ. ಮಡಿಸಿ ಗಂಡನ ಕೈಗೆ ಕೊಟ್ಟಳು. ಅವನು ಬಾಯಿಗಿಟ್ಟು ಅಗಿದ. ಆ ಕಹಿಗೆ ಮುಖ ಕಿವುಚಿತು. ಒಂದೇ ಒಂದು ಸಲ ಹೆಂಡತಿಯ ಕಡೆ ನೋಡಿದ, ರಸ ಉಗುಳದೆ ನುಂಗಿದ.

"ಕಾಚು ಸ್ವಲ್ಪ ಹೆಚ್ಚಾಯ್ತಲ್ಲ, ತಾಯಿ?" ಎಂದ ಬೆಂತಾರ್.

ಲಾಯಂಗ್ ಚೂರಿಯನ್ನು ಎಲೆಗಳ ಕೆಳಗೆ ಸರಿಸಿದಳು. ಅಷ್ಟರಲ್ಲಿ ಮೂಲೆಯಿಂದ ರಿಂಬಾ ದನಿ ಬಂತು.

"ನಮ್ಮತ್ತಿಗೆ ಕೈಯೇ ಅಂಥದ್ದು ಒಡೆಯ. ಬಟ್ಟೆಗೆ ಬೂದಿ ಹಾಕಿ ಹಾಕಿ ವೀಳ್ಯಕ್ಕೂ ಹಾಗೇ ಸುರೀತಾಳೆ. ನಮ್ಮಣ್ಣನ ನಾಲಿಗೆ ಸತ್ತು ಎಷ್ಟೋ ವರ್ಷ ಆಯ್ತು."

ಇದು ಹಂಗಿಸಿದ್ದೋ ಕಾಪಾಡಿದ್ದೋ ಲಾಯಂಗ್‌ಗೆ ಅರ್ಥವಾಗಲಿಲ್ಲ. ಬೆಂತಾರ್ ನಗಲಿಲ್ಲ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು, ತುಟಿ ಬಿಳುಚಿತ್ತು. ಮೊಣಕಾಲನ್ನು ಇನ್ನಷ್ಟು ಒತ್ತಿಕೊಂಡು, ಮುಖವನ್ನು ಹೊಳೆಯ ಕಡೆ ತಿರುಗಿಸಿ, ಮೆಲ್ಲಗೆ ಹೇಳಿದ.

"ನಂಗೂ ಅದೇ ಕೈಯಲ್ಲಿ ಒಂದು ಮಡಿಸು."

ಅವಳು ಮಡಿಸಿದಳು. ಕಾಚನ್ನು ಅಷ್ಟೇ ಹಾಕಿದಳು. ಅವನು ಅಗಿದ, ಅವನೂ ಉಗುಳಲಿಲ್ಲ. ದಾರಿಗೆ ಇನ್ನೊಂದು ಇರಲಿ ಎಂದು ಕೇಳಿ ಪಡೆದು, ಸೊಂಟಕ್ಕೆ ಸಿಕ್ಕಿಸಿಕೊಂಡು, ಈ ಮನೆಯಲ್ಲಿ ಎಲ್ಲ ಕ್ಷೇಮ ಎಂದು ಹೇಳಿ ಎದ್ದ. ಅವನು ದೋಣಿ ಹತ್ತುವಾಗ ಲಾಯಂಗ್ ತಲೆಯೆತ್ತಿದಳು. ಪಕ್ಕದ ತೆಪ್ಪದ ಅಂಚಿನಲ್ಲಿ ಕೆನಂಗಾ ನಿಂತಿದ್ದಳು. ತಟ್ಟೆಯಲ್ಲಿ ಉಳಿದಿದ್ದ ಕಾಚಿನ ಮೇಲೆಯೇ ಅವಳ ಕಣ್ಣಿತ್ತು.

ಬೆಂತಾರ್ ಪಕ್ಕದ ತೆಪ್ಪಕ್ಕೆ ಹೋಗಲಿಲ್ಲ. ಅವನಿಗೆ ಮನೆ ಸೇರುವ ಅವಸರವಿತ್ತು.

ಮಾರನೆಯ ದಿನ ಸಂತೆಯ ದೋಣಿಗಳಲ್ಲಿ ಎಲ್ಲರೂ ಕಾಚು ಕೇಳುವವರೇ. ವೀಳ್ಯಕ್ಕೆ, ವೀಳ್ಯಕ್ಕೆ ಎನ್ನುತ್ತ ಒಬ್ಬರ ಮುಖ ಒಬ್ಬರು ನೋಡದೆ ಕೇಳುತ್ತಿದ್ದರು. ಹಡಗಿನ ಒಡೆಯನ ಹೆಂಡತಿ ಕೇಳಿದಳು, ಕಮ್ಮಾರ ಕೇಳಿದ, ಶಾಪ ಓದಿದವನ ಆಳು ಕೂಡ ಬಂದು ಕೇಳಿದ. ಒಂದು ಚೂರೂ ಎಲ್ಲೂ ಇರಲಿಲ್ಲ. ಚಿಪ್ಪಿನ ಸಾರು ಉಂಡವರೆಲ್ಲರ ಹೊಟ್ಟೆ ಕೆಡಿಸಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಪ್ರತಿಯೊಬ್ಬನೂ ತಾನೊಬ್ಬನೇ ಸಿಕ್ಕಿಬಿದ್ದೆ ಎಂದು ತನ್ನ ತಪ್ಪನ್ನು ನೆನೆದು ಬೆವರುತ್ತಿದ್ದ. ತಪ್ಪಿಲ್ಲದವನು ಯಾರಿದ್ದಾನೆ?

ಇದ್ದ ಒಬ್ಬ, ದಮಾರ್. ಅವನು ನೀರನ್ನು ಪೂರಾ ನಂಬಿದ್ದ. ಸಂತೆಯಿಂದ ಲಾಯಂಗ್ ಮರಳುವಾಗ ಪಕ್ಕದ ತೆಪ್ಪದಿಂದ ಅಳು ಕೇಳಿತು, ದಮಾರ್ ತೀರಿಕೊಂಡಿದ್ದ. ಹೆಂಡತಿ ಕಾಲು ಹಿಡಿದರೂ ಕೊನೆಯವರೆಗೆ ಅಕ್ಕಿಗಂಜಿಯ ತಿಳಿ ಕೂಡ ಮದ್ದೇನೋ ಎಂದು ಮುಟ್ಟಲಿಲ್ಲವಂತೆ. ವೀಳ್ಯ ಒಂದನ್ನು ಮಾತ್ರ ಅವನು ಬೇಡ ಎನ್ನುತ್ತಿರಲಿಲ್ಲ, ಕೆನಂಗಾ ಕಾಚು ಕೇಳಿಕೊಂಡು ಬಂದದ್ದು ಅದಕ್ಕೇ ಎಂದು ರಿಂಬಾ ಹೇಳಿದಳು. ಲಾಯಂಗ್ ಬಟ್ಟೆಬುಟ್ಟಿ ಹಿಡಿದುಕೊಂಡೇ ನಿಂತಳು. ಎರಡು ದಿನದಿಂದ ತೆಪ್ಪ ಕುಲುಕಿಸುತ್ತಿದ್ದ ಹೆಜ್ಜೆ ಕೆನಂಗಾಳದ್ದಲ್ಲ, ಹೊಟ್ಟೆ ಹಿಡಿದುಕೊಂಡು ಅಂಚಿಗೆ ಓಡುತ್ತಿದ್ದ ದಮಾರ್‌ನದು. ಅಂಗಾಲು ಅಷ್ಟು ಚೆನ್ನಾಗಿ ಹೇಳಿತ್ತು, ಇವಳು ಅದನ್ನು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಿದ್ದಳು.

ಅಂದೇ ಬೆಂತಾರ್ ಬಂದ. ಹೊಟ್ಟೆ ನೆಟ್ಟಗಾಗಿ, ಬೆನ್ನು ನೆಟ್ಟಗಾಗಿ ಬಂದ. ನೀರು ದ್ರೋಹಿಯನ್ನು ಹಿಡಿಯಿತು ಎಂದು ಕೂಗಿ ಹೇಳಿದ. ಡೋಲು ಮಾಡುವವನು ಯಾವ ದ್ರೋಹ ಮಾಡಿಯಾನು ಎಂದು ಯಾರೂ ಕೇಳಲಿಲ್ಲ, ನದಿಯ ಆ ಸಾಲಿನ ಒಂದು ತೆಪ್ಪದಿಂದಲೂ ಕೆಮ್ಮು ಕೂಡ ಬರಲಿಲ್ಲ. ಕೆನಂಗಾಳನ್ನೂ ಮಕ್ಕಳನ್ನೂ ದೋಣಿ ಹತ್ತಿಸಿದರು. ಹತ್ತುವ ಮೊದಲು ಅವಳು ಎರಡು ತೆಪ್ಪವನ್ನೂ ಬಿಗಿದಿದ್ದ ಬೆತ್ತದ ಹಗ್ಗದ ತನ್ನ ಕಡೆಯ ಗಂಟು ಬಿಚ್ಚಿ, ಸುತ್ತಿ, ಲಾಯಂಗ್‌ನ ತೆಪ್ಪದ ಮೇಲೆ ಇಟ್ಟಳು. ಬೈಯಲಿಲ್ಲ, ನೋಡಲೂ ಇಲ್ಲ. ಲಾಯಂಗ್ ಅಡ್ಡ ಬಂದು, ಅವನು ದ್ರೋಹಿಯಲ್ಲ, ಎಲ್ಲರಿಗೂ ಹೊಟ್ಟೆ ಕೆಟ್ಟಿದೆ, ನಿಮಗೂ ಕೆಟ್ಟಿತ್ತು ಎಂದು ಹೇಳಬಹುದಿತ್ತು. ಹೇಳಿದರೆ ಗಂಡ ಸಿಕ್ಕಿಬೀಳುತ್ತಿದ್ದ. ಅವಳು ಬಾಗಿಲ ಮರೆಯಲ್ಲಿ ನಿಂತು ಹಲ್ಲು ಕಚ್ಚಿದಳು. ಅಂದಿನಿಂದ ತೆಪ್ಪ ಅಲುಗುವುದು ನಿಂತಿತು, ಅವಳ ನಿದ್ದೆಯೂ ನಿಂತಿತು.

ಮುರಾಯ್ ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಬಲೆ ಹೆಣೆಯುತ್ತ, ಬೆನ್ನು ಹಾಕಿಕೊಂಡು, ತಾನಾಗಿ ಹೇಳಿದ. ಅವನು ಮೇಲ್ಹೊಳೆಗೆ ಹೋದದ್ದು ನಿಜ. ತಾಯಿ ತೀರಿಕೊಂಡಿದ್ದಳು. ಹೆಣಕ್ಕೆ ಕರ್ಪೂರ ತುಂಬಿ, ಮಣ್ಣು ಮಾಡಿ, ಒಳತೊರೆಗಳಲ್ಲಿ ನುಸುಳಿ ಬಂದಿದ್ದ. ರಿಂಬಾಳಿಗೆ ಗೊತ್ತಿತ್ತು, ಅವಳದೂ ತಾಯಿಯೇ. ಮೂಲೆಯ ಪಿಸುಮಾತೆಲ್ಲ ಅದೇ ಮುದುಕಿಯ ಕಾಯಿಲೆಯದು.

"ನಂಗೆ ಯಾಕ್ ಹೇಳ್ಲಿಲ್ಲ?" ಎಂದಳು ಲಾಯಂಗ್.

"ನೀನು ಅರಮನೆ ಬಟ್ಟೆ ಒಗೆಯೋಳು."

ಅವಳಿಗೆ ಕೋಪ ಬರಬೇಕಿತ್ತು, ಬರಲಿಲ್ಲ. ಅವಳು ಇವರನ್ನು ಮೂಸಿ ನೋಡುತ್ತಿದ್ದ ಹೊತ್ತಿನಲ್ಲೇ ಇವರು ಅವಳನ್ನು ಮೂಸಿ ನೋಡುತ್ತಿದ್ದರು. ಒಂದೇ ತೆಪ್ಪ, ಒಂದೇ ಮಡಕೆಯ ಅನ್ನ, ಮೂವರಿಗೂ ಮೂವರ ಮೇಲೆ ಗುಮಾನಿ. ವೀಳ್ಯದ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ. ಆಮೇಲೆ ಅವರು ಬಹಳ ವರ್ಷ ಬಾಳಿದರು, ಜಗಳವಿಲ್ಲದೆಯೇ ಬಾಳಿದರು. ಆದರೆ ಗಂಡ ಆ ಕಹಿಯನ್ನು ಹೇಗೆ ನುಂಗಿದನೋ, ತನ್ನನ್ನು ನಂಬದವಳು ಎಂದೋ ಉಳಿಸಿದವಳು ಎಂದೋ ಎಂಬ ಪ್ರಶ್ನೆ ಅವಳ ಜೊತೆಯಲ್ಲೇ ಮುದಿಯಾಯಿತು.

ಇನ್ನೊಂದೂ ಆಯಿತು. ಅವಳಿಗೆ ಹೊಟ್ಟೆನೋವು ಅಂಟಿಕೊಂಡಿತು. ಹುಳಿ ತಿಂದರೂ ನೋವು, ತಿನ್ನದಿದ್ದರೂ ನೋವು. ಗೊತ್ತಿದ್ದೂ ಬಾಯಿ ಬಿಡದವಳನ್ನು ನೀರು ಕೊಲ್ಲಲಿ ಎಂದಿದ್ದರಲ್ಲ, ಅದೇ ಎಂದುಕೊಳ್ಳುತ್ತಿದ್ದಳು. ಗಂಡನ ಗುಟ್ಟು ಬಚ್ಚಿಟ್ಟಿದ್ದಕ್ಕೋ, ದಮಾರ್ ದ್ರೋಹಿಯಲ್ಲ ಎಂದು ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೋ ಎಂದು ಮಾತ್ರ ಬಗೆಹರಿಯಲಿಲ್ಲ. ಗುಲಾಮರ ದೋಣಿ ಹೋದಾಗಲೆಲ್ಲ ಒಗೆಯುವುದನ್ನು ಬಿಟ್ಟು, ಮೊಣಕಾಲುದ್ದ ನೀರಿನಲ್ಲಿ ನಿಂತು, ಒಂದೊಂದೇ ಹೆಂಗಸಿನ ಮುಖ ನೋಡುತ್ತಿದ್ದಳು. ಕೆನಂಗಾ ಯಾವ ದೋಣಿಯಲ್ಲೂ ಬರಲಿಲ್ಲ.

ಮುರಾಯ್ ಮಳೆಗಾಲವೊಂದರಲ್ಲಿ ಜ್ವರ ಬಂದು ಸತ್ತ. ದಾತುವೂ ಸತ್ತ, ಬೆಂತಾರ್ ಕೂಡ. ಹೊಸ ಒಡೆಯನಿಗೆ ಆ ಕಲ್ಲಿನ ಮೇಲೆ ಅಂಥ ಆಸ್ಥೆಯಿರಲಿಲ್ಲ, ಹೆಡೆಗಳ ಮೇಲೆ ಪಾಚಿ ಕಟ್ಟಿತು. ತೆಪ್ಪದ ಮೇಲೆ ಎರಡು ಮುದುಕಿಯರು ಉಳಿದರು. ಲಾಯಂಗ್ ಉಪ್ಪು ಹಾಕಿದರೆ ರಿಂಬಾಳಿಗೆ ಹೆಚ್ಚು, ರಿಂಬಾ ಹಾಕಿದರೆ ಲಾಯಂಗ್‌ಗೆ ಸಪ್ಪೆ. ಬೆಳಗಿನಿಂದ ಬೈದಾಡಿಕೊಂಡು, ಸಂಜೆ ಒಂದೇ ತಟ್ಟೆಯ ವೀಳ್ಯ ಹಾಕಿಕೊಂಡು ದಿನ ತಳ್ಳುತ್ತಿದ್ದರು.

ಒಂದು ಸಲ ಲಾಯಂಗ್‌ನ ಹೊಟ್ಟೆನೋವು ಮಲಗಿಸಿಯೇ ಬಿಟ್ಟಿತು. ರಿಂಬಾ ಕಷಾಯ ಕಾಸಲು ಹೊರಟಳು. ಬೇಡ ಎಂದಳು ಲಾಯಂಗ್. ಇದು ಮದ್ದಿನ ನೋವಲ್ಲ, ಅವತ್ತು ಕುಡಿದ ನೀರು, ಅದು ತನ್ನ ಕೆಲಸ ಮುಗಿಸಲಿ ಎಂದಳು. ರಿಂಬಾ ವೀಳ್ಯದ ತಟ್ಟೆ ತಂದು ಪಕ್ಕದಲ್ಲಿ ಕೂತು, ಬಹಳ ಹೊತ್ತು ಏನೋ ಕೆರೆದು, ಮಡಿಸಿ, ಅತ್ತಿಗೆಯ ಬಾಯಿಗಿಟ್ಟಳು. ಲಾಯಂಗ್ ಅಗಿದಳು. ಕಹಿ ಗಂಟಲಿಗಿಳಿಯಿತು. ಅವಳ ದವಡೆ ನಿಂತಿತು.

"ಕಾಚು ಹೆಚ್ಚಾಯ್ತು."

"ನಮ್ಮತ್ತಿಗೆ ಹತ್ರ ಕಲಿತಿದ್ದು. ಅವಳ ಕೈಯೇ ಅಂಥದ್ದು."

ಆಮೇಲೆ ರಿಂಬಾ ತಟ್ಟೆಯ ಮೇಲಿನ ಕಾಚಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡುತ್ತ, ತಲೆಯೆತ್ತದೆ ಹೇಳಿದಳು.

"ಸಾಯೋಕ್ ಮುಂಚೆ ಅಣ್ಣ ಒಂದ್ ಮಾತು ಹೇಳಿದ್ದ. ನಿಂಗೆ ಹೇಳ್ಬೇಡ ಅಂದಿದ್ದ, ನಾನೂ ಹೇಳಿರ್ಲಿಲ್ಲ. 'ನಿಮ್ಮತ್ತಿಗೆ ನನ್ನ ನಂಬ್ಲಿಲ್ಲ ಕಣೆ. ನಂಬದೇನೇ ಉಳಿಸಿದ್ಳು. ನಂಬಿ ಉಳಿಸೋಕೆ ಯಾರಿಗಾದ್ರೂ ಆಗುತ್ತೆ' ಅಂದ."

ಇಷ್ಟು ವರ್ಷ ಕಾದಿದ್ದ ಉತ್ತರ. ಲಾಯಂಗ್‌ನ ಕಣ್ಣಲ್ಲಿ ನೀರು ಬಂತು. ರಿಂಬಾ ಅದನ್ನು ಸೆರಗಿನಿಂದ ಒರೆಸಿದಳು, ಇನ್ನಾದರೂ ನೆಮ್ಮದಿಯಾಗಿ ಮಲಗು ಎಂದಳು. ಲಾಯಂಗ್ ಬಾಯಲ್ಲಿದ್ದುದನ್ನು ನಿಧಾನವಾಗಿ ಅಗಿದು, ಉಗುಳದೆ ನುಂಗಿದಳು. ಪಕ್ಕದಲ್ಲಿ ತೆಪ್ಪವಿಲ್ಲದ ಖಾಲಿ ನೀರನ್ನು ನೋಡುತ್ತ ಮಲಗಿದ್ದಳು.

"ಕೆನಂಗಾಗೂ ಹಾಗೇ ಕೊಡಬಹುದಿತ್ತಲ್ಲೇ" ಎಂದಳು. "ನಂಬದೇನೇ."

ರಿಂಬಾ ಇನ್ನೊಂದು ಎಲೆ ತೆಗೆದು ಸುಣ್ಣ ಸವರತೊಡಗಿದಳು.